ಮಲಪ್ರಭೆಯ ದಂಡಿಗುಂಟ: ಮುನವಳ್ಳಿಯಿಂದ ಸುರೇಬಾನ, ರಾಮದುರ್ಗಕ್ಕೆ ಸೈಕಲ್ ದಾರಿ

ಬೆಳಗಾವಿ ಜಿಲ್ಲೆಯ ಸವದತ್ತಿ ಮತ್ತು ರಾಮದುರ್ಗ ತಾಲ್ಲೂಕುಗಳ ನಡುವೆ ಮಲಪ್ರಭಾ ಹೊಳೆಯ ಆಸುಪಾಸಿನಲ್ಲಿ ಸಾಗುವ ದಾರಿ ಹೆಚ್ಚು ಏರಿಳಿತವಿಲ್ಲದ ಎರೆಭೂಮಿಯ ದಾರಿ. ಮುನವಳ್ಳಿ, ತೊರಗಲ್ಲು, ಸುರೇಬಾನ, ರಾಮದುರ್ಗಗಳನ್ನು ನಿಧಾನವಾಗಿ ಸೈಕಲ್ ತುಳಿಯುವವರೂ ಒಂದೆರಡು ದಿನದಲ್ಲಿ ನೋಡಿ ಮುಗಿಸಬಹುದು. ಈ ಕಣಿವೆಯ ಇತಿಹಾಸ ನಡೆದದ್ದು ಕುದುರೆ, ಮೇಣೆ, ಚಕ್ಕಡಿಗಳ ವೇಗದಲ್ಲಿ. ಒಂದು ಊರಿನ ಸುದ್ದಿ ಇನ್ನೊಂದಕ್ಕೆ ಎಷ್ಟು ಹೊತ್ತಿಗೆ ಮುಟ್ಟುತ್ತಿತ್ತು, ಒಂದು ರಾತ್ರಿಯಲ್ಲಿ ಎಷ್ಟು ದೂರ ಹೋಗಿಬರಬಹುದಿತ್ತು ಎಂಬುದು ಮೋಟಾರಿನಲ್ಲಿ ಹೋದವರಿಗೆ ಅಂದಾಜಾಗುವುದಿಲ್ಲ, ಸೈಕಲ್ಲಿನವರಿಗೆ ಆಗುತ್ತದೆ.

ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಸಂಗೊಳ್ಳಿಯ ಪಕ್ಕ ಹಾದು, ಮುನವಳ್ಳಿಯ ಹತ್ತಿರ ಮರಳುಗಲ್ಲಿನ ಗುಡ್ಡವನ್ನು ಕೊರೆದು ಹೊರಬೀಳುತ್ತದೆ. ಈ ಇಕ್ಕಟ್ಟಿನ ಜಾಗವೇ ನವಿಲುತೀರ್ಥ. ನವಿಲು ಕೂಗಿ ಕರೆದಾಗ ಹೊಳೆ ಗುಡ್ಡ ಸೀಳಿಕೊಂಡು ಬಂತೆಂದು ಜನ ಹೇಳುತ್ತಾರೆ. 1970ರ ದಶಕದ ಆರಂಭದಲ್ಲಿ ಇಲ್ಲಿ ಅಣೆಕಟ್ಟು ಕಟ್ಟಿ ಮುಗಿಸಿದ ಮೇಲೆ ಹಿಂದೆ ನಿಂತ ನೀರಿಗೆ ರೇಣುಕಾಸಾಗರವೆಂದು ಹೆಸರಾಯಿತು. ಜೋಳ, ಕಡಲೆ, ಹತ್ತಿಯ ಸೀಮೆಗೆ ಕಾಲುವೆ ಬಂತು. ಅದರ ಬೆನ್ನಿಗೇ ನೀರಿನ ಕರದ ಹೊರೆಯೂ ಬಂತು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ರೈತರು ಗೋಲಿಬಾರಿಗೆ ಬಲಿಯಾದದ್ದು ಇದೇ ಕಾಲುವೆಯ ಹೋರಾಟದಲ್ಲಿ. ಕರ್ನಾಟಕದ ರೈತ ಚಳವಳಿಯ ಮಾತು ಬಂದಾಗಲೆಲ್ಲ ಈ ದಿನದ ನೆನಪು ಬರುತ್ತದೆ.

ಡಾಂಬರು ಬರುವ ಮೊದಲು ಈ ದಾರಿಗಳ ದೊಡ್ಡ ಸಂಚಾರವೆಂದರೆ ಸವದತ್ತಿ ಎಲ್ಲಮ್ಮನ ಜಾತ್ರೆಯದು. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಿಗೆ ಚಕ್ಕಡಿ ಹೂಡಿಕೊಂಡು, ಬುತ್ತಿ ಕಟ್ಟಿಕೊಂಡು, ದಾರಿಯುದ್ದಕ್ಕೂ ಉಧೋ ಉಧೋ ಎನ್ನುತ್ತ ಜನ ಗುಡ್ಡಕ್ಕೆ ಹೋಗುತ್ತಿದ್ದರು. ಆ ಪದ್ಧತಿ ಇನ್ನೂ ಪೂರ್ತಿ ಅಳಿದಿಲ್ಲ.

ಸುರೇಬಾನ ತನ್ನ ಜೋಡಿ ಊರಾದ ಮನಿಹಾಳದೊಂದಿಗೆ ಸೇರಿಯೇ ಹೆಸರಾದ ಊರು. ರಾಮದುರ್ಗದಿಂದ ಸುಮಾರು 15 ಕಿ.ಮೀ. ಒಳಗಿದೆ. ರಾಮದುರ್ಗದಂತೆ ಇದೂ ನೇಕಾರರ ನೆಲೆ. ಮಗ್ಗದ ಸಪ್ಪಳ ಕೇಳುವ ಓಣಿಗಳನ್ನು ಅವಸರದಲ್ಲಿ ದಾಟಿ ಹೋಗಬಾರದು. ಊರಿನ ಹತ್ತಿರದ ಗುಡ್ಡದ ಬುಡದಲ್ಲಿ ಶಬರಿಕೊಳ್ಳವಿದೆ: ಹಳೆಯ ಕಲ್ಲಿನ ಗುಡಿ, ಚಿಲುಮೆಯ ನೀರು ತುಂಬುವ ಹೊಂಡ, ಸುತ್ತ ಕುರುಚಲು ಕಾಡು. ರಾಮನಿಗೆ ಶಬರಿ ಬಾರಿಹಣ್ಣು ಕೊಟ್ಟ ಜಾಗ ಇದೇ ಎಂಬುದು ಇಲ್ಲಿಯವರ ನಂಬಿಕೆ. ಹಂಪಿಯ ಕಡೆಯ ಪಂಪಾ ಸರೋವರಕ್ಕೂ ಇಂಥದೇ ಕತೆ ಇದೆ. ಯಾವುದು ನಿಜವೆಂದು ತೀರ್ಮಾನಿಸುವ ಅಗತ್ಯ ಯಾತ್ರಿಕರಿಗೆ ಎಂದೂ ಬಿದ್ದಿಲ್ಲ. ಬಯಲುಸೀಮೆಯ ಬಿಸಿಲಲ್ಲಿ ಬಂದವರಿಗೆ ಈ ಕೊಳ್ಳದ ನೆರಳೂ ನೀರೂ ದೊಡ್ಡ ವಿಷಯ.

ಸುರೇಬಾನದ ಹೆಸರು ಬ್ರಿಟಿಷರ ದಾಖಲೆಗಳಲ್ಲಿ ಉಳಿದದ್ದು 1858ರ ಮೇ 29ರ ರಾತ್ರಿಯಿಂದ. ನರಗುಂದದ ದೊರೆ ಭಾಸ್ಕರರಾವ್ ಭಾವೆ, ಜನರ ಬಾಯಲ್ಲಿ ಬಾಬಾಸಾಹೇಬ, ಮಗನನ್ನು ಕಳೆದುಕೊಂಡ ಮೇಲೆ ದತ್ತು ಪಡೆಯಲು ಅನುಮತಿ ಕೇಳಿದ್ದ. ಕಂಪನಿ ಸರ್ಕಾರ ಒಪ್ಪಲಿಲ್ಲ. ಆಯುಧ ಒಪ್ಪಿಸಬೇಕೆಂಬ ಆಜ್ಞೆಯೂ ಬಂದಿತ್ತು. ದಕ್ಷಿಣ ಮರಾಠಾ ಸೀಮೆಯ ಪೊಲಿಟಿಕಲ್ ಏಜೆಂಟನಾಗಿದ್ದ ಮ್ಯಾನ್ಸನ್ ಆಗ ರಾಮದುರ್ಗಕ್ಕೆ ಬಂದ. ರಾಮದುರ್ಗದ ದೊರೆ ಬಾಬಾಸಾಹೇಬನ ಮಲಸೋದರ. ನರಗುಂದಕ್ಕೆ ಹೋಗುವುದು ಅಪಾಯವೆಂದು ಆತನೇ ಎಚ್ಚರಿಸಿದ. ಮ್ಯಾನ್ಸನ್ ಕೇಳದೆ ಕೆಲವೇ ಸವಾರರೊಂದಿಗೆ ಮೇಣೆಯಲ್ಲಿ ಹೊರಟು ರಾತ್ರಿ ಸುರೇಬಾನದಲ್ಲಿ ತಂಗಿದ. ಸುದ್ದಿ ನರಗುಂದ ಮುಟ್ಟಿತು. ನಡುರಾತ್ರಿಯ ಹೊತ್ತಿಗೆ ಬಾಬಾಸಾಹೇಬನೇ ದಂಡಿನೊಂದಿಗೆ ಬಂದು ಮುತ್ತಿದ. ಮ್ಯಾನ್ಸನ್ ಹತನಾದ, ಅವನ ತಲೆಯನ್ನು ನರಗುಂದದ ಅಗಸಿಗೆ ತೂಗುಹಾಕಿದರು.

ಮುಂದಿನದು ಬಹಳ ಬೇಗ ನಡೆದುಹೋಯಿತು. ಜೂನ್ 1ರಂದು ಕರ್ನಲ್ ಮಾಲ್ಕಮ್‌ನ ಸೈನ್ಯ ನರಗುಂದದ ಎದುರು ನಿಂತಿತು; ಮರುದಿನ ಕೋಟೆ ಬಿತ್ತು. ಯಾತ್ರಿಕನ ವೇಷದಲ್ಲಿ ತಪ್ಪಿಸಿಕೊಂಡಿದ್ದ ಬಾಬಾಸಾಹೇಬ ತೊರಗಲ್ಲಿನ ಕಾಡಿನಲ್ಲಿ ಪೊಲೀಸ್ ಅಧಿಕಾರಿ ಸೌಟರ್‌ನ ಕೈಗೆ ಸಿಕ್ಕ. ಅವನ ತಾಯಿಯೂ ಹೆಂಡತಿಯೂ ಮಲಪ್ರಭೆಗೆ ಹಾರಿ ಪ್ರಾಣ ಬಿಟ್ಟರು. ಜೂನ್ 12ರಂದು ಬೆಳಗಾವಿಯಲ್ಲಿ ಅವನನ್ನು ಗಲ್ಲಿಗೇರಿಸಿದರು. ಎಚ್ಚರಿಕೆ ಕೊಟ್ಟ ಊರು, ಕೊಲೆ ನಡೆದ ಊರು, ಸೆರೆಸಿಕ್ಕ ಕಾಡು, ಎಲ್ಲವೂ ಒಂದೇ ಹೊಳೆಯ ಸುತ್ತಮುತ್ತ ಇವೆ. ಎರಡೇ ವಾರದಲ್ಲಿ ಒಂದು ಸಂಸ್ಥಾನ ಅಳಿದದ್ದು ಹೇಗೆಂಬುದು ಈ ಅಂತರಗಳನ್ನು ಕಾಲಿನಿಂದ ತುಳಿದು ಅಳೆದಾಗ ಸ್ಪಷ್ಟವಾಗುತ್ತದೆ.

ತೊರಗಲ್ಲಿನಲ್ಲಿ ಕಾಡಿಗಿಂತ ಈಗ ನೋಡಬೇಕಾದದ್ದು ಕೋಟೆ ಮತ್ತು ಭೂತನಾಥ ಗುಡಿಗಳ ಗುಂಪು. ಕೊಲ್ಹಾಪುರದ ಅಧೀನದಲ್ಲಿದ್ದ ಶಿಂಧೆ ಮನೆತನ ಇಲ್ಲಿ ಆಳುತ್ತಿತ್ತು.

ರಾಮದುರ್ಗ ಸಂಸ್ಥಾನ 1858ರಲ್ಲಿ ಉಳಿದುಕೊಂಡಿತಾದರೂ ಮುಂದೆ ಅಲ್ಲಿಯೂ ಪ್ರಜೆಗಳು ಎದ್ದರು. 1939ರ ಏಪ್ರಿಲ್ 7ರಂದು, ಬಂಧಿತ ಮುಖಂಡರನ್ನು ಬಿಡಿಸಲು ಜನ ಸೆರೆಮನೆಗೆ ನುಗ್ಗಿದರು. ಆ ಗಲಭೆಯಲ್ಲಿ ಪೊಲೀಸರು ಸತ್ತರು, ಬಳಿಕ ಹೋರಾಟಗಾರರಿಗೆ ಗಲ್ಲುಶಿಕ್ಷೆಯೂ ಆಯಿತು. 1948ರಲ್ಲಿ ಸಂಸ್ಥಾನ ಮುಂಬೈ ಪ್ರಾಂತದಲ್ಲಿ ವಿಲೀನವಾಯಿತು.

ದಂಡೆಯ ಊರುಗಳಿಗೆ ಹೊಳೆ ಬರೀ ಅನ್ನ ಕೊಟ್ಟದ್ದಲ್ಲ. 2019ರ ಆಗಸ್ಟಿನಲ್ಲಿ ನವಿಲುತೀರ್ಥದಿಂದ ಬಿಟ್ಟ ನೀರು ರಾಮದುರ್ಗ ತಾಲ್ಲೂಕಿನ ಊರುಗಳನ್ನು ಮುಳುಗಿಸಿತು. ಕುಣಿಮಗ್ಗಗಳ ಕುಣಿಯಲ್ಲಿ ಕೆಸರು ತುಂಬಿ, ಹಾಸು ಹೊಕ್ಕು ಎರಡೂ ಹಾಳಾದವು. ಆದ್ದರಿಂದ ಮಳೆಗಾಲದಲ್ಲಿ ಈ ದಾರಿ ಹಿಡಿಯುವುದು ಬೇಡ. ಒದ್ದೆ ಎರೆಮಣ್ಣು ಸೈಕಲ್ ಗಾಲಿಗೆ ಅಂಟಿ ಮುಂದೆ ಹೋಗಗೊಡುವುದಿಲ್ಲ. ಹಿಂಗಾರಿ ಬೆಳೆ ಹೊಲದಲ್ಲಿ ನಿಂತಿರುವ ಡಿಸೆಂಬರ್, ಜನವರಿ ಒಳ್ಳೆಯ ಕಾಲ. ಆಗ ಹೊಲಗಳಲ್ಲಿ ಬಿಳಿಜೋಳ ತೆನೆಯಾಡುತ್ತಿರುತ್ತದೆ, ಕಡಲೆಯಲ್ಲಿ ಹಸಿಕಾಯಿ ಸಿಗುತ್ತದೆ, ಬದುವಿನ ಗಿಡಗಳಲ್ಲಿ ಬಾರಿಹಣ್ಣು ಹಣ್ಣಾಗಿರುತ್ತದೆ.