ಹಳಿ ಯಾರದೋ, ಗಡಿಯಾರವೂ ಅವರದೇ

1876ರ ಜೂನ್ 1ರಂದು ನ್ಯೂಯಾರ್ಕಿನ ಜಾರೆಟ್ ಮತ್ತು ಪಾಮರ್ ಎಂಬ ಇಬ್ಬರು ನಾಟಕ ಕಂಪನಿ ಮಾಲೀಕರು ತಮ್ಮ ನಟರನ್ನು ಒಂದು ಸ್ಪೆಷಲ್ ರೈಲಿಗೆ ಹತ್ತಿಸಿದರು. ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಷೇಕ್ಸ್‌ಪಿಯರನ ‘ಐದನೇ ಹೆನ್ರಿ’ ಆಡಬೇಕಿತ್ತು. ಆಗ ಆ ದಾರಿಗೆ ಮಾಮೂಲಾಗಿ ಏಳು ದಿನ ಹಿಡಿಯುತ್ತಿತ್ತು. ಇವರ ಗಾಡಿ 83 ಗಂಟೆ 39 ನಿಮಿಷದಲ್ಲಿ ಅಮೆರಿಕ ಖಂಡವನ್ನು ದಾಟಿ ನಿಂತಿತು. ಟಿಕೆಟ್ ಮಾರಾಟಕ್ಕೆಂದು ಹೂಡಿದ ಉಪಾಯವೇ ಹೌದು. ಆದರೂ ದಾಖಲೆ ದಾಖಲೆಯೇ.

ಅಮೆರಿಕದ ಪ್ರಯಾಣಿಕ ರೈಲು ಸಂಸ್ಥೆ ಆಮ್‌ಟ್ರ್ಯಾಕ್‌ನ ಈಗಿನ ವೇಳಾಪಟ್ಟಿ ಹಿಡಿದು ಲೆಕ್ಕ ಹಾಕಿ. ನ್ಯೂಯಾರ್ಕಿನಿಂದ ಷಿಕಾಗೋಗೆ ಒಂದು ರೈಲು, ಅಲ್ಲಿ ಕೆಲವು ಗಂಟೆ ಕಾದು ‘ಕ್ಯಾಲಿಫೋರ್ನಿಯಾ ಜೆಫಿರ್’ ಹತ್ತಿದರೆ ಸ್ಯಾನ್‌ಫ್ರಾನ್ಸಿಸ್ಕೋ ಕೊಲ್ಲಿಯ ಈಚೆ ದಡದ ಎಮರಿವಿಲ್ ತಲುಪಲು ಒಟ್ಟು ಸುಮಾರು 76 ಗಂಟೆ. ಕಲ್ಲಿದ್ದಲ ಎಂಜಿನ್ ಹೋಗಿ ಡೀಸೆಲ್ ಬಂದು, ಸುಮಾರು ಒಂದೂವರೆ ಶತಮಾನದಲ್ಲಿ ಉಳಿದದ್ದು ಏಳೆಂಟು ಗಂಟೆ. ಅದೂ ಗಾಡಿ ಹೇಳಿದ ಹೊತ್ತಿಗೆ ಬಂದರೆ.

ಎಂಜಿನ್ನಿನ ಚರಿತ್ರೆ ಓದಿದರೆ ಈ ಒಗಟು ಬಿಡಿಸಲಾಗುವುದಿಲ್ಲ. ವೇಳಾಪಟ್ಟಿಯ ಚರಿತ್ರೆ ಓದಬೇಕು.

ಅಮೆರಿಕದ ಎರಡು ಹಳಿಗಳು ಯೂಟಾದ ಪ್ರೊಮಾಂಟರಿಯಲ್ಲಿ ಕೂಡಿದ್ದು 1869ರ ಮೇ 10ರಂದು. ಪೂರ್ವದಿಂದ ಯೂನಿಯನ್ ಪೆಸಿಫಿಕ್, ಪಶ್ಚಿಮದಿಂದ ಸೆಂಟ್ರಲ್ ಪೆಸಿಫಿಕ್. ಖಂಡವೆಲ್ಲ ಒಂದೇ ಹಳಿಯಾಯಿತೆಂದು ಸಂಭ್ರಮಿಸಿದರು. ಆದರೆ ಒಮಾಹಾದ ಬಳಿ ಮಿಸ್ಸೌರಿ ನದಿಗೆ 1872ರವರೆಗೆ ಸೇತುವೆಯೇ ಇರಲಿಲ್ಲ. ಪ್ರಯಾಣಿಕರು ಇಳಿದು, ದೋಣಿಯಲ್ಲಿ ದಾಟಿ, ಆಚೆ ಮತ್ತೆ ಹತ್ತಬೇಕಿತ್ತು. ಇದಕ್ಕಿಂತ ದೊಡ್ಡ ಫಜೀತಿ ಗಡಿಯಾರದ್ದು. ಪ್ರತಿ ಊರಿಗೂ ತನ್ನ ನೆತ್ತಿಯ ಮೇಲೆ ಸೂರ್ಯ ಬಂದಾಗ ಹನ್ನೆರಡು ಗಂಟೆ. ಪ್ರತಿ ರೈಲು ಕಂಪನಿಗೂ ತನ್ನ ಮುಖ್ಯ ಕಚೇರಿಯ ಊರಿನ ಗಂಟೆ. ಹೀಗೆ ಐವತ್ತರಷ್ಟು ಬೇರೆ ಬೇರೆ ‘ರೈಲ್ವೆ ಟೈಮ್’ ಇದ್ದವು. ಗಾಡಿ ಬದಲಿಸುವ ಜಂಕ್ಷನ್ನಿನಲ್ಲಿ ಗೋಡೆಯ ಮೇಲೆ ಸಾಲಾಗಿ ಗಡಿಯಾರಗಳು. ನಿಮ್ಮದು ಯಾವುದು ಎಂದು ನೀವೇ ಆರಿಸಿಕೊಳ್ಳಬೇಕು.

ಇದನ್ನು ಸರಿಪಡಿಸಿದ್ದು ಸರ್ಕಾರವಲ್ಲ, ರೈಲು ಕಂಪನಿಗಳು. ಅವುಗಳ ವೇಳಾಪಟ್ಟಿ ಸಮಾವೇಶದ ಕಾರ್ಯದರ್ಶಿ ವಿಲಿಯಂ ಅಲೆನ್ ನಕ್ಷೆ ಮುಂದಿಟ್ಟುಕೊಂಡು ಗಂಟೆಗೊಂದು ಪಟ್ಟೆಯಂತೆ ದೇಶವನ್ನು ಭಾಗ ಮಾಡಿದ. 1883ರ ನವೆಂಬರ್ 18ರ ಭಾನುವಾರ ಹೊಸ ಗಂಟೆ ಜಾರಿಗೆ ಬಂತು. ನ್ಯೂಯಾರ್ಕಿನ ಗಡಿಯಾರಗಳು ಸುಮಾರು ನಾಲ್ಕು ನಿಮಿಷ ಹಿಂದಕ್ಕೆ ಹೋದವು. ಹೀಗೆ ಹಿಂದೆ ಸರಿದ ಊರುಗಳಲ್ಲಿ ಅಂದು ಎರಡು ಮಧ್ಯಾಹ್ನ. ಅಮೆರಿಕದ ಸಂಸತ್ತು ಇದಕ್ಕೆ ಕಾನೂನಿನ ಮೊಹರು ಒತ್ತಿದ್ದು 1918ರಲ್ಲಿ, ಮೂವತ್ತೈದು ವರ್ಷ ತಡವಾಗಿ. ನಮ್ಮಲ್ಲೂ ರೈಲ್ವೆಯದೇ ಮೇಲುಗೈ: ಇಡೀ ದೇಶದ ರೈಲುಗಳು ಮದ್ರಾಸ್ ಟೈಮಿಗೆ ಓಡುತ್ತಿದ್ದವು. ಭಾರತೀಯ ಕಾಲಮಾನ ಬಂದದ್ದು 1906ರ ಜನವರಿ 1ಕ್ಕೆ. ಜನರ ಹೊತ್ತನ್ನು ಗೊತ್ತುಮಾಡಿದವರು ಹಳಿಯ ಒಡೆಯರು.

ಒಂದೇ ಹಳಿಯ ದಾರಿಯಲ್ಲಿ ವೇಳಾಪಟ್ಟಿ ಎಂದರೆ ಪ್ರಯಾಣಿಕರಿಗೆ ಕೊಡುವ ಮಾಹಿತಿ ಮಾತ್ರವಲ್ಲ, ಜೀವರಕ್ಷಣೆಯ ಸಾಧನ. ಎದುರಿನಿಂದ ಬರುವ ಗಾಡಿ ಯಾವ ನಿಲ್ದಾಣದಲ್ಲಿ ಲೂಪ್ ಲೈನಿಗೆ ಸರಿದು ದಾರಿ ಬಿಡಬೇಕು, ಯಾವುದು ಕೆಳದರ್ಜೆಯದು, ಯಾವುದು ಮೇಲ್ದರ್ಜೆಯದು ಎಲ್ಲವೂ ಆ ಹಾಳೆಯಲ್ಲಿ. ನಾವು ಇವತ್ತಿಗೂ ‘ಕ್ರಾಸಿಂಗ್ ಇದೆ’ ಎಂದು ಕಿಟಕಿಯಾಚೆ ಕತ್ತು ಚಾಚುತ್ತೇವಲ್ಲ, ಅದೇ. 1891ರ ಏಪ್ರಿಲ್‌ನಲ್ಲಿ ಒಹಾಯೊದ ಕಿಪ್ಟನ್ನಿನಲ್ಲಿ ಎರಡು ಗಾಡಿಗಳು ಮುಖಾಮುಖಿ ಡಿಕ್ಕಿಯಾದವು. ಎಂಜಿನ್ ಡ್ರೈವರನ ಜೇಬುಗಡಿಯಾರ ನಾಲ್ಕು ನಿಮಿಷ ನಿಂತು ಮತ್ತೆ ನಡೆದಿತ್ತು ಎಂಬುದು ಕಾರಣವಾಗಿ ಹೊರಬಂತು. ಆಮೇಲೆ ಕ್ಲೀವ್‌ಲ್ಯಾಂಡಿನ ಆಭರಣ ವ್ಯಾಪಾರಿ ವೆಬ್ ಬಾಲ್ ರೈಲ್ವೆ ಗಡಿಯಾರಗಳ ತಪಾಸಣೆಗೆ ನಿಂತ. ವಾರಕ್ಕೆ ಮೂವತ್ತು ಸೆಕೆಂಡಿಗಿಂತ ಹೆಚ್ಚು ತಪ್ಪುವ ಗಡಿಯಾರ ಡ್ಯೂಟಿಗೆ ಸಲ್ಲದು ಎಂದಾಯಿತು.

ಗಂಟೆ ಒಂದಾದರೂ ಗಾಡಿ ಒಂದಾಗಲಿಲ್ಲ. ಕೆನಡಾದಲ್ಲಿ ಮೊದಲಿನಿಂದ ಕೊನೆಯವರೆಗೆ ಹಳಿ ಒಂದೇ ಕಂಪನಿಯದು, ಕೆನಡಿಯನ್ ಪೆಸಿಫಿಕ್‌ನದು. 1886ರ ಜೂನ್ 28ರಂದು ಮಾಂಟ್ರಿಯಲ್ ಬಿಟ್ಟ ಗಾಡಿ ಜುಲೈ 4ಕ್ಕೆ ಪೆಸಿಫಿಕ್ ದಡದ ಪೋರ್ಟ್ ಮೂಡಿ ಸೇರಿತು. ಅಮೆರಿಕದಲ್ಲಿ ಹಾಗಾಗಲಿಲ್ಲ. ಪೂರ್ವದ ಕಂಪನಿಗಳು ಷಿಕಾಗೋಗೆ ಬಂದು ನಿಲ್ಲುತ್ತಿದ್ದವು, ಪಶ್ಚಿಮದವು ಅಲ್ಲಿಂದ ಹೊರಡುತ್ತಿದ್ದವು. ಆ ಊರಲ್ಲಿ ಆರು ದೊಡ್ಡ ನಿಲ್ದಾಣ. ಬೆಳಗ್ಗೆ ಒಂದರಲ್ಲಿ ಇಳಿದು ಪಾರ್ಮಲೀ ಕಂಪನಿಯ ಬಾಡಿಗೆ ಗಾಡಿ ಹಿಡಿದು ಇನ್ನೊಂದಕ್ಕೆ ಹೋಗುವುದು ಕೋಟ್ಯಧಿಪತಿಗೂ ತಪ್ಪಿರಲಿಲ್ಲ. 1946ರಲ್ಲಿ ಒಬ್ಬ ರೈಲು ಉದ್ಯಮಿ, ರಾಬರ್ಟ್ ಯಂಗ್, ಪತ್ರಿಕೆಗಳಲ್ಲಿ ಜಾಹೀರಾತು ಹಾಕಿಸಿದ: ಹಂದಿಯೊಂದು ಗಾಡಿ ಬದಲಿಸದೆ ದೇಶ ದಾಟುತ್ತದೆ, ಮನುಷ್ಯನಿಗೆ ಮಾತ್ರ ಆ ಭಾಗ್ಯವಿಲ್ಲ ಎಂಬರ್ಥದಲ್ಲಿ. ಮುಜುಗರಕ್ಕೆ ಬಿದ್ದ ಕಂಪನಿಗಳು ಅದೇ ವರ್ಷ ಕೆಲವು ಸ್ಲೀಪರ್ ಬೋಗಿಗಳನ್ನು ಷಿಕಾಗೋದಲ್ಲಿ ಒಂದು ಗಾಡಿಯಿಂದ ಕಳಚಿ ಇನ್ನೊಂದಕ್ಕೆ ಜೋಡಿಸತೊಡಗಿದವು. ಹಳಿಗಳ ನಡುವಿನ ಅಗಲ, ಎಂದರೆ ಗೇಜ್, ಬದಲಾಗುವಲ್ಲಿ ಬೋಗಿ ಜೋಡಿಸುವ ಆ ದಾರಿಯೂ ಇರುವುದಿಲ್ಲ. ಮೀಟರ್ ಗೇಜಿನ ಕಾಲದಲ್ಲಿ ಬೆಂಗಳೂರಿನಿಂದ ಮುಂಬಯಿಗೆ ಹೊರಟು ಮಿರಜ್‌ನಲ್ಲಿ ಟ್ರಂಕು ಹೊತ್ತು ಓಡಿದವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ.

ಈ ನಡುವೆ ವೇಳಾಪಟ್ಟಿಗೆ ಒಂದು ಚಿನ್ನದ ಕಾಲ ಬಂದು ಹೋಯಿತು. ಸಾಂಟಾ ಫೆ ಕಂಪನಿಯ ‘ಸೂಪರ್ ಚೀಫ್’ 1936ರ ಮೇ ತಿಂಗಳಲ್ಲಿ ಷಿಕಾಗೋದಿಂದ ಲಾಸ್ ಏಂಜಲೀಸಿಗೆ 39 ಗಂಟೆ 45 ನಿಮಿಷದ ವೇಳೆ ಹಿಡಿದು ಹೊರಟಿತು. ಆದರೆ ವಾರಕ್ಕೊಮ್ಮೆ ಮಾತ್ರ. ಯಾಕೆಂದರೆ ಇದ್ದದ್ದು ಒಂದೇ ರೇಕ್, ಎಂದರೆ ಬೋಗಿಗಳ ಒಂದೇ ಪೂರ್ತಿ ಜೋಡಣೆ. ದೂರದ ಗಾಡಿಗಳ ಲೆಕ್ಕ ಇಲ್ಲೇ ಕೂತಿದೆ. ಎರಡು ರಾತ್ರಿ ಹೋಗಲು, ಎರಡು ರಾತ್ರಿ ಬರಲು, ಎರಡು ಕೊನೆಗಳಲ್ಲೂ ತೊಳೆದು, ಹಾಸಿಗೆ ಬದಲಿಸಿ, ಅಡುಗೆಮನೆ ತುಂಬಲು ಒಂದೊಂದು ರಾತ್ರಿ. ದಿನವೂ ಒಂದು ಗಾಡಿ ಬಿಡಬೇಕಾದರೆ ಆರು ಪೂರ್ತಿ ರೇಕ್ ಬೇಕು. 1949ರ ಮಾರ್ಚ್‌ನಲ್ಲಿ ಮೂರು ಕಂಪನಿಗಳು ಕೂಡಿ ಶುರುಮಾಡಿದ ಮೂಲ ‘ಕ್ಯಾಲಿಫೋರ್ನಿಯಾ ಜೆಫಿರ್’ಗೆ ಆರೇ ರೇಕ್ ಇದ್ದವು. ಪ್ರಯಾಣ ಇನ್ನೂ ಒಂದು ರಾತ್ರಿ ಉದ್ದವಾದರೆ ಎರಡು ರೇಕ್ ಜಾಸ್ತಿ. ಅಷ್ಟು ಬೋಗಿಗೆ ದುಡ್ಡಿಲ್ಲದಿದ್ದರೆ ವಾರಕ್ಕೆ ಮೂರೇ ದಿನ ಗಾಡಿ.

ನನಗೆ ಈ ಜೆಫಿರ್ ವೇಳಾಪಟ್ಟಿ ಇಡೀ ಚರಿತ್ರೆಯಲ್ಲೇ ಜಾಣ ಕೆಲಸವೆನಿಸುತ್ತದೆ. ವೇಗದಲ್ಲಿ ಎದುರಾಳಿ ಗಾಡಿಗಳನ್ನು ಹಿಂದಿಕ್ಕಲು ಅದರ ಬೆಟ್ಟದ ದಾರಿಗೆ ಸಾಧ್ಯವಿರಲಿಲ್ಲ. ಸರಿ, ರಾಕಿ ಪರ್ವತ ಮತ್ತು ಸಿಯೆರಾ ನೆವಾಡಾ ಎರಡೂ ಹಗಲಲ್ಲೇ ಬರುವಂತೆ ಹೊರಡುವ ಹೊತ್ತನ್ನು ಹೊಂದಿಸಿದರು. ಬೋಗಿಯ ಮೇಲೆ ಗಾಜಿನ ಗುಮ್ಮಟ ಕಟ್ಟಿದರು. ಕೊರತೆಯನ್ನೇ ಸರಕಾಗಿ ಮಾರಿದರು. ಆದರೆ ಎರಡು ಬೆಟ್ಟಸಾಲಿಗೆ ಹಗಲು ಕೊಟ್ಟರೆ ನಡುವಿನ ಮರುಭೂಮಿಗೆ ರಾತ್ರಿ ಬೀಳಲೇಬೇಕಲ್ಲ? ಅದು ಬಿದ್ದದ್ದು ಸಾಲ್ಟ್ ಲೇಕ್ ಸಿಟಿಯ ಪಾಲಿಗೆ. ಅಷ್ಟು ದೊಡ್ಡ ಊರಿನ ಜನ ಈಗಲೂ ಪಶ್ಚಿಮದ ಗಾಡಿಯನ್ನು ಮಧ್ಯರಾತ್ರಿಯ ಆಸುಪಾಸಿನಲ್ಲಿ, ಪೂರ್ವದ ಗಾಡಿಯನ್ನು ನಸುಕಿಗೆ ಮುಂಚೆ ಹತ್ತಬೇಕು.

ಆ ಜೆಫಿರ್‌ನ ಹಿಂದಿನ ಅವತಾರದ ಹೆಸರು ‘ಎಕ್ಸ್‌ಪೊಸಿಷನ್ ಫ್ಲೈಯರ್’. 1946ರ ಏಪ್ರಿಲ್ 25ರಂದು ಷಿಕಾಗೋ ಬಳಿಯ ನೇಪರ್‌ವಿಲ್‌ನಲ್ಲಿ ಅದು, ತನಗಿಂತ ಎರಡು-ಮೂರು ನಿಮಿಷ ಮುಂಚೆ ಅದೇ ಹಳಿಯಲ್ಲಿ ಹೊರಟು ನಿಂತಿದ್ದ ಗಾಡಿಗೆ ಹಿಂದಿನಿಂದ ಗುದ್ದಿತು. 45 ಜನ ಸತ್ತರು. ಎಂಜಿನ್ನಿನೊಳಗೇ ಸಿಗ್ನಲ್ ತೋರುವ ಅಥವಾ ತಾನೇ ಬ್ರೇಕ್ ಹಾಕುವ ವ್ಯವಸ್ಥೆಯಿಲ್ಲದ ಹಳಿಗಳಲ್ಲಿ ಗಂಟೆಗೆ 79 ಮೈಲಿ, ಎಂದರೆ 127 ಕಿಲೋಮೀಟರ್, ಮೀರಕೂಡದೆಂದು ಆಮೇಲೆ ಸರ್ಕಾರ ವಿಧಿಸಿತು. ಕಂಪನಿಗಳು ಆ ವ್ಯವಸ್ಥೆಗೆ ದುಡ್ಡು ಸುರಿಯುವ ಬದಲು ನಿಧಾನವನ್ನೇ ಒಪ್ಪಿಕೊಂಡವು. ಆ ಮಿತಿ ಇವತ್ತಿಗೂ ಅಮೆರಿಕದ ಬಹುಪಾಲು ಹಳಿಗಳ ಮೇಲಿದೆ. ಮೇಲೆ ವಿಮಾನ, ಕೆಳಗೆ ಹೆದ್ದಾರಿ. 1967ರಲ್ಲಿ ಅಂಚೆ ಇಲಾಖೆ ಟಪಾಲಿನ ಬೋಗಿಗಳನ್ನು ಹಿಂತೆಗೆದುಕೊಂಡಾಗ ಎಷ್ಟೋ ಗಾಡಿಗಳ ನಿಜವಾದ ಅನ್ನದಾತ ಹೋದ ಹಾಗಾಯಿತು. ಜೆಫಿರ್ 1970ರ ಮಾರ್ಚ್‌ನಲ್ಲಿ ನಿಂತಿತು.

1971ರ ಮೇ 1ರಂದು ಆಮ್‌ಟ್ರ್ಯಾಕ್ ಹುಟ್ಟಿತು. ಪ್ರಯಾಣಿಕರ ಗಾಡಿಗಳು ಅದರ ಪಾಲಿಗೆ, ಹಳಿ ಮಾತ್ರ ಗೂಡ್ಸ್ ಕಂಪನಿಗಳ ಕೈಯಲ್ಲೇ. ಒಡೆಯನ ಮಾತು ಎಷ್ಟು ನಡೆಯುತ್ತದೆಂಬುದಕ್ಕೆ ನಿದರ್ಶನ ಬೇಗನೆ ಸಿಕ್ಕಿತು: ರಿಯೊ ಗ್ರಾಂಡೆ ಕಂಪನಿ ಆಮ್‌ಟ್ರ್ಯಾಕ್ ಸೇರಲು ಒಪ್ಪದೆ 1983ರವರೆಗೆ ತನ್ನದೇ ಸಣ್ಣ ಜೆಫಿರ್ ಓಡಿಸಿತು; ಅಲ್ಲಿಯವರೆಗೆ ಆಮ್‌ಟ್ರ್ಯಾಕ್ ಗಾಡಿ ಆ ಸುಂದರ ಕಣಿವೆಗಳನ್ನು ಬಿಟ್ಟು ವಯೋಮಿಂಗ್‌ನ ಬಯಲಲ್ಲಿ ಸುತ್ತಿ ಹೋಯಿತು. ಪ್ರಯಾಣಿಕರ ಗಾಡಿಗೆ ಗೂಡ್ಸ್ ದಾರಿ ಬಿಡಬೇಕೆಂದು 1973ರಿಂದ ಕಾನೂನೇನೋ ಇದೆ. ಆದರೆ ಅದರ ಹೆಸರಲ್ಲಿ ಸರ್ಕಾರ ಕೋರ್ಟಿಗೆ ಹೋದದ್ದು ಬೆರಳೆಣಿಕೆಯ ಸಲ. ಒಂದೇ ಗಾಡಿಯಲ್ಲಿ ಕಡಲಿನಿಂದ ಕಡಲಿಗೆ ಹೋಗುವ ಭಾಗ್ಯ ಅಮೆರಿಕದವರಿಗೆ ಕೊನೆಗೂ ಒದಗಿದ್ದು 1993ರ ಏಪ್ರಿಲ್‌ನಲ್ಲಿ, ‘ಸನ್‌ಸೆಟ್ ಲಿಮಿಟೆಡ್’ ಲಾಸ್ ಏಂಜಲೀಸಿನಿಂದ ಮಯಾಮಿಯವರೆಗೆ ವಿಸ್ತರಿಸಿದಾಗ, ಅದೂ ವಾರಕ್ಕೆ ಮೂರು ದಿನ. ಅದೇ ಸೆಪ್ಟೆಂಬರಿನಲ್ಲಿ ಅಲಬಾಮಾದಲ್ಲಿ ಸರಕು ದೋಣಿ ತಗಲಿ ಸರಿದಿದ್ದ ಸೇತುವೆಯ ಮೇಲೆ ಆ ಗಾಡಿ ಹಳಿ ತಪ್ಪಿ 47 ಜನ ಸತ್ತರು. 2005ರಲ್ಲಿ ಕತ್ರೀನಾ ಚಂಡಮಾರುತ ನ್ಯೂ ಆರ್ಲಿಯನ್ಸಿನ ಆಚೆಯ ಭಾಗವನ್ನು ಕತ್ತರಿಸಿತು. ಹನ್ನೆರಡು ವರ್ಷಕ್ಕೆ ಆ ಕಥೆ ಮುಗಿಯಿತು.

ಇನ್ನು ರಷ್ಯಾ. ಅಲ್ಲಿ ಹಳಿಯೂ ಗಾಡಿಯೂ ಒಬ್ಬರದೇ. 1891ರಲ್ಲಿ ಶುರುವಾದ ಸೈಬೀರಿಯಾ ದಾರಿಯಲ್ಲಿ ಬೈಕಾಲ್ ಸರೋವರ ಬಹುಕಾಲ ಅಡ್ಡ ನಿಂತಿತ್ತು. ಇಂಗ್ಲೆಂಡಿನಲ್ಲಿ ಮಾಡಿಸಿದ ಹಿಮ ಒಡೆಯುವ ಹಡಗು ಬೋಗಿಗಳನ್ನೇ ಹೊತ್ತು ದಾಟಿಸುತ್ತಿತ್ತು. 1904ರಲ್ಲಿ ಸರೋವರದ ಅಂಚಿನ ಹಳಿ, 1916ರಲ್ಲಿ ಆಮೂರ್ ನದಿಯ ಸೇತುವೆ. ಮುಂದೆ ಜೋಡಿ ಹಳಿ, 2002ಕ್ಕೆ ಪೂರ್ತಿ ವಿದ್ಯುತ್. ಮಾಸ್ಕೋದಿಂದ ವ್ಲಾಡಿವಾಸ್ತೋಕ್‌ಗೆ 9,289 ಕಿಲೋಮೀಟರ್, ಒಂದು ವಾರದ ಹತ್ತಿರ ಹತ್ತಿರ. ಆದರೆ ಅಲ್ಲಿನ ವಿಶೇಷ ಗಡಿಯಾರದ್ದು. ಏಳು ಗಂಟೆ ಮುಂದಿರುವ ವ್ಲಾಡಿವಾಸ್ತೋಕ್‌ನಲ್ಲೂ ನಿಲ್ದಾಣದ ಗಡಿಯಾರ, ಟಿಕೆಟ್ಟು ಎರಡೂ ತೋರಿಸುತ್ತಿದ್ದುದು ಮಾಸ್ಕೋ ಸಮಯ. ಹೊರಗೆ ಊಟದ ಹೊತ್ತು, ಒಳಗೆ ಗೋಡೆಯ ಮೇಲೆ ಬೆಳಗಿನ ಜಾವ. ಅಮೆರಿಕ 1883ರಲ್ಲಿ ಬಿಟ್ಟ ಪದ್ಧತಿಯನ್ನು, ಎಂದರೆ ಮುಖ್ಯ ಕಚೇರಿಯ ಗಂಟೆಯೇ ಎಲ್ಲರ ಗಂಟೆ ಎಂಬುದನ್ನು, ರಷ್ಯಾ ಪ್ರಯಾಣಿಕರ ಪಾಲಿಗೆ ಕೈಬಿಟ್ಟದ್ದು 2018ರ ಆಗಸ್ಟ್ 1ರಂದು. ಹನ್ನೊಂದು ಕಾಲವಲಯದ ದೇಶದಲ್ಲಿ ಒಂದೇ ಗಂಟೆ ಸುಲಭವಿತ್ತೆಂದು ಹಳಬರು ಗೊಣಗಿದರೆ ತಪ್ಪು ಹೇಳಲಾರೆ. ಕೂಡುವ ಕಳೆಯುವ ಕೆಲಸ ಒಂದೇ ಸಲಕ್ಕೆ ಮುಗಿಯುತ್ತಿತ್ತು.

ಆಸ್ಟ್ರೇಲಿಯಾ 1917ರಲ್ಲಿ ನಲ್ಲಾರ್ಬರ್ ಬಯಲಿನಲ್ಲಿ 478 ಕಿಲೋಮೀಟರ್ ಒಂದೂ ತಿರುವಿಲ್ಲದ ಹಳಿ ಹಾಕಿ ಪಶ್ಚಿಮವನ್ನು ಪೂರ್ವಕ್ಕೆ ಕಟ್ಟಿತು. ಗೇಜುಗಳ ಜಗಳ ಮುಗಿದು ಸಿಡ್ನಿಯಿಂದ ಪರ್ತ್‌ಗೆ ಒಂದೇ ಗಾಡಿ ಹೊರಟದ್ದು ಮಾತ್ರ 1970ರ ಫೆಬ್ರವರಿಯಲ್ಲಿ. ಎರಡು ಸಾಗರಗಳ ಹೆಸರು ಹೊತ್ತ ಆ ‘ಇಂಡಿಯನ್ ಪೆಸಿಫಿಕ್’ 4,352 ಕಿಲೋಮೀಟರ್ ಓಡುತ್ತದೆ. ಸರ್ಕಾರದ ನೆರವು ನಿಂತ ಮೇಲೆ 2016ರಲ್ಲಿ ಅದರ ಅಗ್ಗದ ಸೀಟುಗಳು ಹೋದವು. ಈಗ ಅದು ಊರಿಗೆ ಹೋಗುವವರ ಗಾಡಿಯಲ್ಲ, ಪ್ರವಾಸಿಗಳದು. ನಿಧಾನವಾದಷ್ಟೂ ಅವರಿಗೆ ಲಾಭ.

ನಿಧಾನದ ವಿಷಯಕ್ಕೆ ಬಂದರೆ ಕೆನಡಾವನ್ನು ಮೀರಿಸುವವರಿಲ್ಲ. 1955ರ ಏಪ್ರಿಲ್ 24ರಂದು ಹೊರಟ ‘ದ ಕೆನಡಿಯನ್’ ಮಾಂಟ್ರಿಯಲ್‌ನಿಂದ ವ್ಯಾಂಕೂವರಿಗೆ ಸುಮಾರು 71 ಗಂಟೆಯಲ್ಲಿ ಹೋಗುತ್ತಿತ್ತು, ಪ್ರತಿದಿನ. 1978ರಲ್ಲಿ ಸರ್ಕಾರಿ ಸಂಸ್ಥೆ ವಯಾ ರೈಲ್ ಅದನ್ನು ವಹಿಸಿಕೊಂಡಿತು. 1990ರ ಜನವರಿಯಲ್ಲಿ ಗಾಡಿ ತನ್ನ ಹಳೆಯ ಹಳಿ ಬಿಟ್ಟು ಕೆನಡಿಯನ್ ನ್ಯಾಷನಲ್ ಹಳಿಗೆ ಸರಿಯಿತು, ದಿನದ ಗಾಡಿ ವಾರಕ್ಕೆ ಮೂರಕ್ಕಿಳಿಯಿತು. 2008ರ ಕೊನೆಗೆ ಮೂರು ರಾತ್ರಿಯ ಪ್ರಯಾಣ ನಾಲ್ಕು ರಾತ್ರಿಯಾಯಿತು. ಇತ್ತೀಚಿನ ವೇಳಾಪಟ್ಟಿಯಲ್ಲಿ ಟೊರಾಂಟೊದಿಂದ ವ್ಯಾಂಕೂವರಿಗೆ 4,466 ಕಿಲೋಮೀಟರ್, ಸುಮಾರು 97 ಗಂಟೆ, ವಾರಕ್ಕೆ ಎರಡು ಸಲ. ಬೋಗಿಗಳು ಮಾತ್ರ ಅವೇ, 1955ರ ಸ್ಟೇನ್‌ಲೆಸ್ ಸ್ಟೀಲಿನವು.

ಕಾರಣ ಸರಳ. ಗೂಡ್ಸ್ ಗಾಡಿಗಳು ಎರಡು, ಮೂರು ಕಿಲೋಮೀಟರ್ ಉದ್ದವಾಗಿವೆ. ದಾರಿಯ ಎಷ್ಟೋ ಲೂಪ್ ಲೈನುಗಳು ಅದಕ್ಕಿಂತ ಚಿಕ್ಕವು. ಹಿಡಿಸದ ಗಾಡಿಯನ್ನು ಲೂಪಿಗೆ ಹಾಕುವುದು ಹೇಗೆ? ಸರಿಯಬೇಕಾದ್ದು ಹಿಡಿಸುವ ಗಾಡಿ, ಎಂದರೆ ಪ್ರಯಾಣಿಕರದ್ದು. ಕಾನೂನು ಏನೇ ಹೇಳಲಿ, ಅಳತೆ ಹೀಗೆ ಹೇಳುತ್ತದೆ. ಹಾಗಾಗಿ ಹುಲ್ಲುಗಾವಲಿನ ನಡುವೆ ನಿಂತು, ಎದುರು ಹೋಗುವ ಕಂಟೇನರುಗಳನ್ನು ಗುಮ್ಮಟದ ಗಾಜಿನಿಂದ ಎಣಿಸುವುದು ಆ ಪ್ರಯಾಣದ ಒಂದು ಭಾಗವೇ ಆಗಿಹೋಗಿದೆ. ತಡವಾಗುವುದನ್ನು ಮೊದಲೇ ಊಹಿಸಿ ವೇಳಾಪಟ್ಟಿಯಲ್ಲಿ ಗಂಟೆಗಟ್ಟಲೆ ಹೊತ್ತು ತುಂಬಿಟ್ಟಿದ್ದಾರೆ. ಕೊನೆಯ ಹತ್ತು ಕಿಲೋಮೀಟರಿಗೆ ನಮ್ಮ ರೈಲ್ವೆ ಮುಕ್ಕಾಲು ಗಂಟೆ ಬರೆದಿಟ್ಟಿರುವುದನ್ನು ಕಂಡವರಿಗೆ ಇದು ಹೊಸದಲ್ಲ. ಅಪರೂಪಕ್ಕೆ ಗೂಡ್ಸ್ ಅಡ್ಡ ಬರದ ದಿನ ‘ಕೆನಡಿಯನ್’ ರಾಕಿ ಪರ್ವತದ ಯಾವುದೋ ನಿಲ್ದಾಣಕ್ಕೆ ಹೊತ್ತಿಗೆ ಮುಂಚೆ ಬಂದುಬಿಡುತ್ತದೆ. ಆಗ ಪ್ರಯಾಣಿಕರು ಪ್ಲಾಟ್‌ಫಾರ್ಮಿನ ಮೇಲೆ ಅಡ್ಡಾಡುತ್ತ, ಗಾಡಿಗೆ ತನ್ನ ವೇಳೆ ಆಗಲಿ ಎಂದು ಕಾಯುತ್ತಾರೆ.