ಹಾಸನ ಸೀಮೆಯ ವಿದ್ಯುಜ್ಜಾಲವೂ ಕಿರು ಉತ್ಪಾದಕಗಳೂ: ಒಂದು ಚಾರಿತ್ರಿಕ ವಿವೇಚನೆ

ಮೈಸೂರು ಸೀಮೆಯ ವಿದ್ಯುಚ್ಛಕ್ತಿಯ ಇತಿಹಾಸವನ್ನು ಸಾಮಾನ್ಯವಾಗಿ ಜಲಪಾತಗಳ, ಅಣೆಕಟ್ಟುಗಳ ಮತ್ತು ದಿವಾನರ ಇತಿಹಾಸವಾಗಿ ಓದುವುದು ನಮ್ಮಲ್ಲಿ ರೂಢಿಯಾಗಿದೆ. ವಿದ್ಯುತ್ತನ್ನು ಉತ್ಪಾದಿಸಿದ ಬಗೆ ಅಲ್ಲಿ ವಿವರವಾಗಿ ದೊರೆಯುತ್ತದೆ; ಅಪಾಯ ಒದಗಿದಾಗ ಅದನ್ನು ನಿಲ್ಲಿಸಿದ ಬಗೆ ದೊರೆಯುವುದು ವಿರಳ. ಆದರೆ ಹರಿಯಿಸುವ ಅಧಿಕಾರದಷ್ಟೇ ತಡೆಯುವ ಅಧಿಕಾರವೂ ವಿದ್ಯುಜ್ಜಾಲದ ಜೀವಾಳವಾಗಿದೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳನ್ನು ದೃಷ್ಟಿಯಲ್ಲಿಟ್ಟುಕೊಂಡು ಈ ಎರಡನೆಯ ಅಧಿಕಾರವು ಯಾರ ಕೈಯಲ್ಲಿದ್ದಿತು, ಈಗ ಅದು ಹೇಗೆ ಹಂಚಿಹೋಗುತ್ತಿದೆ ಎಂಬುದನ್ನು ಪರಿಶೀಲಿಸುವುದು ನಮ್ಮ ಉದ್ದೇಶ.

1902ರಲ್ಲಿ ಶಿವನಸಮುದ್ರದಲ್ಲಿ ಉತ್ಪನ್ನವಾದ ವಿದ್ಯುತ್ತು ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪಗಳು ಬೆಳಗಿದುವು. 1940ರಲ್ಲಿ ಶಿಂಷಾ, 1948ರಲ್ಲಿ ಜೋಗದ ಉತ್ಪಾದನಾ ಕೇಂದ್ರ ಸೇರಿಕೊಂಡುವು. 1957ರಲ್ಲಿ ವಿದ್ಯುಚ್ಛಕ್ತಿ ಮಂಡಲಿಯು ಸ್ಥಾಪಿತವಾಯಿತು. ಈ ಅರ್ಧ ಶತಮಾನದುದ್ದಕ್ಕೂ ಬದಲಾಗದೆ ಉಳಿದ ಅಂಶವೊಂದಿದೆ: ವಿದ್ಯುತ್ತು ಹುಟ್ಟುವ ಸ್ಥಳಗಳು ಕೆಲವೇ, ಬಳಸುವ ಸ್ಥಳಗಳು ಹಲವು, ಹರಿವು ದೊಡ್ಡ ಕೇಂದ್ರದಿಂದ ಊರಿನ ಕಡೆಗೆ ಮಾತ್ರ. ಉಡುಪಿ ಜಿಲ್ಲೆಯ ಎಲ್ಲೂರಿನ ಕಲ್ಲಿದ್ದಲು ಸ್ಥಾವರದಿಂದ 400 ಕಿಲೋವೋಲ್ಟಿನ ಮಾರ್ಗವು ಘಟ್ಟವನ್ನು ಹತ್ತಿ ಹಾಸನದ ಬಳಿಗೆ ಬಂದಾಗಲೂ ಈ ಕ್ರಮ ವ್ಯತ್ಯಾಸವಾಗಲಿಲ್ಲ.

ಈ ಸೀಮೆಯವರಿಗೆ ಇಂತಹ ವ್ಯವಸ್ಥೆ ಹೊಸದೇನೂ ಆಗಿರಲಿಲ್ಲ. ಹೇಮಾವತಿಗೆ ಕಟ್ಟಿದ ಶ್ರೀರಾಮದೇವರ ಕಟ್ಟೆ, ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿಗೆ ಕಟ್ಟಿದ ಕೃಷ್ಣರಾಜ ಕಟ್ಟೆ, 1979ರಲ್ಲಿ ಪೂರ್ಣಗೊಂಡ ಗೊರೂರಿನ ಜಲಾಶಯ, ಇವೆಲ್ಲವುಗಳ ನಾಲೆಗಳಲ್ಲಿ ನೀರು ಮೇಲಿನಿಂದ ಕೆಳಕ್ಕೆ ಹರಿಯುತ್ತದೆ. ನಾಲೆ ಒಡೆದರೆ ಮೇಲಿನ ತೂಬನ್ನು ಮುಚ್ಚಿದರೆ ಸಾಕು, ಕೆಳಗಿನ ನೆಲವೆಲ್ಲ ಸುರಕ್ಷಿತ. ವಿದ್ಯುಜ್ಜಾಲದ ರಕ್ಷಣೆಯೂ ಈ ನಂಬಿಕೆಯ ಮೇಲೆಯೇ ನಿಂತಿದ್ದಿತು. 66 ಕಿಲೋವೋಲ್ಟಿನ ಉಪಕೇಂದ್ರದಿಂದ ಹೊರಡುವ 11 ಕಿಲೋವೋಲ್ಟಿನ ಫೀಡರಿನ ಮೊದಲಲ್ಲಿ ಒಂದು ರಿಲೇ, ಒಂದು ಬ್ರೇಕರ್. ಮುಂದೆ ಪ್ರತಿ ಟ್ರಾನ್ಸ್‌ಫಾರ್ಮರಿಗೂ ಫ್ಯೂಸು. ತಂತಿ ತುಂಡಾಗಿ ನೆಲಕ್ಕೆ ಬಿದ್ದರೆ, ಕೊಂಬೆ ತಗಲಿದರೆ, ಪ್ರವಾಹ ಮಿತಿಮೀರಿದುದನ್ನು ರಿಲೇ ಅರಿತು ಬ್ರೇಕರನ್ನು ತೆರೆಯುತ್ತದೆ. ದೋಷಕ್ಕೆ ಸಮೀಪದ ಸಾಧನ ಮೊದಲು, ದೂರದ್ದು ಅನಂತರ ಎಂಬಂತೆ ಕಾಲದ ಅಂತರವನ್ನು ನಿಗದಿಮಾಡಿರುತ್ತಾರೆ. ಮೂಲವು ಒಂದೇ ಕಡೆ ಇರುವುದೆಂಬುದು ಈ ಲೆಕ್ಕದ ತಳಹದಿ.

ಈ ತಳಹದಿ ಸಡಿಲವಾದುದು ಇಪ್ಪತ್ತೊಂದನೆಯ ಶತಮಾನದಲ್ಲಿ. 2003ರ ವಿದ್ಯುಚ್ಛಕ್ತಿ ಕಾಯಿದೆಯು ಉತ್ಪಾದನೆಯನ್ನು ಬಹುಮಟ್ಟಿಗೆ ಪರವಾನಗಿಯಿಂದ ಬಿಡುಗಡೆ ಮಾಡಿತು. 2014ರ ಕರ್ನಾಟಕದ ಸೌರನೀತಿಯು ಭೂಮಿಯುಳ್ಳ ರೈತರಿಗೆ 1ರಿಂದ 3 ಮೆಗಾವಾಟಿನ ಸ್ಥಾವರಗಳನ್ನು ಕಟ್ಟಲು ಅವಕಾಶವಿತ್ತಿತು. ಅನಂತರದ ಯೋಜನೆಯಲ್ಲಿ ತಾಲ್ಲೂಕೊಂದಕ್ಕೆ 20 ಮೆಗಾವಾಟಿನಂತೆ ಸೌರಶಕ್ತಿಯನ್ನು ಹಂಚಲಾಯಿತು. 2019ರಲ್ಲಿ ಆರಂಭವಾದ ಕೇಂದ್ರದ ಕುಸುಮ್ ಯೋಜನೆಯು ಅರ್ಧ ಮೆಗಾವಾಟಿನಿಂದ 2 ಮೆಗಾವಾಟಿನವರೆಗಿನ ಸ್ಥಾವರಗಳನ್ನು ಹಳ್ಳಿಯ ಉಪಕೇಂದ್ರದ ಬಳಿಗೇ ತಂದಿತು. ಮನೆಯ ಮಾಳಿಗೆಯ ಮೇಲಿನ ಫಲಕಗಳು, ಮಲೆನಾಡಿನ ತೊರೆಗಳ ಕಿರು ಜಲವಿದ್ಯುತ್ ಯಂತ್ರಗಳು ಇವುಗಳೊಡನೆ ಸೇರಿದುವು. ಹೀಗೆ ನಾಲೆಯ ಕೊನೆಯಲ್ಲಿಯೂ ಊಟೆ ಎದ್ದಂತಾಯಿತು.

ಇದರ ಪರಿಣಾಮವನ್ನು ಒಂದು ನಿದರ್ಶನದಿಂದ ತಿಳಿಯಬಹುದು. ಚನ್ನರಾಯಪಟ್ಟಣದ ಕಡೆಯ ತೆಂಗಿನ ತೋಟಗಳಿಗೆ ಹೋಗುವ ಫೀಡರೊಂದರ ನಡುವೆ 2 ಮೆಗಾವಾಟಿನ ಸ್ಥಾವರವಿದೆಯೆಂದು ಭಾವಿಸೋಣ. ಫೀಡರಿನ ತುದಿಯಲ್ಲಿ ದೋಷ ಸಂಭವಿಸಿದರೆ ಪ್ರವಾಹದ ಒಂದು ಪಾಲನ್ನು ಈ ಸ್ಥಾವರವೇ ಒದಗಿಸುವುದರಿಂದ ಉಪಕೇಂದ್ರದ ರಿಲೇಗೆ ಕಾಣುವ ಪ್ರವಾಹ ಕಡಮೆಯಾಗಿ ಅದು ತಡವಾಗಿ ಎಚ್ಚೆತ್ತುಕೊಳ್ಳಬಹುದು. ಪಕ್ಕದ ಫೀಡರಿನಲ್ಲಿ ದೋಷವಾದರೆ ಇಲ್ಲಿಯ ಪ್ರವಾಹ ಹಿಮ್ಮುಖವಾಗಿ ಅತ್ತ ಹರಿದು, ಯಾವ ತಪ್ಪೂ ಇಲ್ಲದ ಫೀಡರೇ ನಿಂತುಹೋಗಬಹುದು. ಪ್ರವಾಹದ ದಿಕ್ಕನ್ನರಿಯುವ ರಿಲೇ ಇದಕ್ಕೆ ಪರಿಹಾರ. ತಿರುಗುವ ಜಲಯಂತ್ರವು ದೋಷಕ್ಕೆ ಅಧಿಕ ಪ್ರವಾಹವನ್ನು ಕೊಡುತ್ತದೆ. ಸೌರಸ್ಥಾವರದ ಇನ್ವರ್ಟರು ತನ್ನ ಸಾಮಾನ್ಯ ಪ್ರಮಾಣಕ್ಕಿಂತ ಸ್ವಲ್ಪವೇ ಹೆಚ್ಚು ಕೊಡುತ್ತದೆ. ಆದುದರಿಂದ ಎರಡಕ್ಕೂ ಒಂದೇ ಲೆಕ್ಕ ಒಪ್ಪುವುದಿಲ್ಲ. ಮಳೆಗಾಲದಲ್ಲಿ ಪಂಪುಸೆಟ್ಟುಗಳು ನಿಂತಾಗ ಬಿಸಿಲು ಬಿದ್ದರೆ ಊರಿನಲ್ಲಿ ವೋಲ್ಟೇಜು ಏರಿ, ಉಳಿದ ಶಕ್ತಿ ಉಪಕೇಂದ್ರದ ಕಡೆಗೇ ಹರಿಯುವುದೂ ಉಂಟು.

ಇವೆಲ್ಲಕ್ಕಿಂತಲೂ ಗಂಭೀರವಾದುದು ಮನುಷ್ಯನ ಪ್ರಾಣದ ಪ್ರಶ್ನೆ. ಲೈನ್‌ಮನ್ನನು ಉಪಕೇಂದ್ರದಿಂದ ಎಲ್.ಸಿ. ಪಡೆದು ಕಂಬ ಹತ್ತುತ್ತಾನೆ. ಮೇಲಿನ ಬ್ರೇಕರು ತೆರೆದಿದೆ, ತಂತಿಯಲ್ಲಿ ವಿದ್ಯುತ್ತಿಲ್ಲ ಎಂಬುದು ಅವನ ಭರವಸೆ. ಆದರೆ ಮುಖ್ಯಜಾಲದಿಂದ ಬೇರ್ಪಟ್ಟ ಫೀಡರಿನಲ್ಲಿ ಸ್ಥಾವರದ ಉತ್ಪಾದನೆಯೂ ಪಂಪುಗಳ ಬಳಕೆಯೂ ಸಮವಾಗಿದ್ದರೆ ಆ ಭಾಗವು ದ್ವೀಪದಂತೆ ತಾನೇ ನಡೆಯುತ್ತಿರಲು ಸಾಧ್ಯ. ಇದನ್ನು ತಡೆಯಲೆಂದೇ ಕೇಂದ್ರ ವಿದ್ಯುಚ್ಛಕ್ತಿ ಪ್ರಾಧಿಕಾರವು 2013ರಲ್ಲಿ ನಿಯಮಗಳನ್ನು ಹೊರಡಿಸಿತು. ಅವುಗಳ ಪ್ರಕಾರ ಇಂತಹ ದ್ವೀಪ ಉಂಟಾದ 2 ಸೆಕೆಂಡುಗಳೊಳಗಾಗಿ ಕಿರು ಉತ್ಪಾದಕವು ಜಾಲದಿಂದ ಕಳಚಿಕೊಳ್ಳಬೇಕು. ವೋಲ್ಟೇಜು ಶೇಕಡಾ 80ಕ್ಕಿಂತ ಇಳಿದರೂ 110ಕ್ಕಿಂತ ಏರಿದರೂ, ಆವರ್ತನವು 47.5ಕ್ಕೆ ಇಳಿದರೂ 50.5 ಹರ್ಟ್ಸ್‌ಗೆ ಏರಿದರೂ ಹಿಂದೆ ಸರಿಯಬೇಕು.

ನಿಯಮ ನ್ಯಾಯವಾದುದೇ. ಆದರೆ ಅದಕ್ಕೂ ಬೆಲೆಯುಂಟು. ಕಿರು ಉತ್ಪಾದಕಗಳು ಕೆಲವೇ ಇದ್ದಾಗ ಅವು ಸರಿದರೆ ಯಾರಿಗೂ ತಿಳಿಯುವುದಿಲ್ಲ. ಸಾವಿರಾರು ಇದ್ದಾಗ ಎಲ್ಲವೂ ಒಮ್ಮೆಗೇ ಸರಿದರೆ ಜಾಲವೇ ಕುಸಿಯಬಹುದು. ಸೌರಫಲಕಗಳೆಲ್ಲ 50.2 ಹರ್ಟ್ಸ್‌ನಲ್ಲಿ ಒಟ್ಟಿಗೆ ನಿಲ್ಲಬೇಕೆಂಬ ನಿಯಮದ ಅಪಾಯವನ್ನರಿತು ಜರ್ಮನಿಯು 2012ರಲ್ಲಿ ಹಳೆಯ ಇನ್ವರ್ಟರುಗಳ ತಿದ್ದುಪಡಿಗೆ ಆಜ್ಞೆ ಮಾಡಿತು. 2019ರ ಆಗಸ್ಟ್ 9ರಂದು ಬ್ರಿಟನ್ನಿನಲ್ಲಿ ಸಿಡಿಲು ಬಡಿದಾಗ ಎರಡು ದೊಡ್ಡ ಕೇಂದ್ರಗಳ ಜೊತೆಗೆ ಅನೇಕ ಕಿರು ಉತ್ಪಾದಕಗಳೂ ಕಳಚಿಕೊಂಡುದರಿಂದ 10 ಲಕ್ಷಕ್ಕೂ ಹೆಚ್ಚು ಗ್ರಾಹಕರು ಕತ್ತಲೆಯಲ್ಲಿ ಉಳಿದರು. 2012ರ ಜುಲೈ ತಿಂಗಳಿನ ಮಹಾಕುಸಿತದಿಂದ ದಕ್ಷಿಣ ಭಾರತ ಪಾರಾದುದು ಅದರ ಜಾಲವು ಆಗ ಬೇರೆಯಾಗಿ ನಡೆಯುತ್ತಿದ್ದುದರಿಂದ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗದ ಮೂಲಕ ಅದು ದೇಶದ ಜಾಲದೊಡನೆ ಒಂದೇ ಆವರ್ತನದಲ್ಲಿ ಕೂಡಿಕೊಂಡಿತು. ಅಂದಿನಿಂದ ಅರಕಲಗೂಡಿನ ಕಿರುಸ್ಥಾವರವೂ ಪಂಜಾಬಿನ ದೊಡ್ಡ ಕೇಂದ್ರವೂ ಒಂದೇ ತಾಳಕ್ಕೆ ಹೆಜ್ಜೆಯಿಡಬೇಕಾಗಿದೆ.

ಇನ್ನೊಂದು ವಿಪರ್ಯಾಸವನ್ನೂ ಗಮನಿಸಬೇಕು. ಮುಖ್ಯಜಾಲ ನಿಂತಾಗ ಊರ ಪಕ್ಕದಲ್ಲಿಯೇ ಬಿಸಿಲಿನಲ್ಲಿ ಹೊಳೆಯುವ ಸ್ಥಾವರವಿದ್ದರೂ ಅದು ನಿಯಮದಂತೆ ಮೌನವಾಗುತ್ತದೆ. ಹಳ್ಳಿಯ ಆಸ್ಪತ್ರೆಗೂ ಕುಡಿಯುವ ನೀರಿನ ಪಂಪಿಗೂ ವಿದ್ಯುತ್ತಿಲ್ಲ. ಲೈನ್‌ಮನ್ನನ ಪ್ರಾಣವೊಂದು ಕಡೆ, ಊರಿನ ಅಗತ್ಯವೊಂದು ಕಡೆ. ಇವುಗಳಲ್ಲಿ ಒಂದನ್ನು ಬಿಡಬೇಕೆಂಬುದು ನಮ್ಮ ಮತವಲ್ಲ. ಬೇರ್ಪಡಿಸುವ ಸ್ವಿಚ್ಚು ಕಣ್ಣಿಗೆ ಕಾಣುವಂತಿದ್ದು, ಉಪಕೇಂದ್ರದ ಬ್ರೇಕರು ತೆರೆದೊಡನೆ ಸ್ಥಾವರಕ್ಕೆ ಆಜ್ಞೆ ತಲುಪುವಂತಿದ್ದು, ಕೆಲಸಕ್ಕೆ ಮೊದಲು ತಂತಿಯನ್ನು ಪರೀಕ್ಷಿಸಿ ಭೂಸಂಪರ್ಕ ಮಾಡುವ ಶಿಸ್ತು ತಪ್ಪದಿದ್ದರೆ, ಬ್ಯಾಟರಿಯ ನೆರವಿನಿಂದ ಗೊತ್ತುಮಾಡಿದ ಭಾಗವನ್ನು ಉದ್ದೇಶಪೂರ್ವಕವಾಗಿಯೇ ದ್ವೀಪವಾಗಿ ನಡೆಸುವುದು ಅಸಾಧ್ಯವಲ್ಲ. ಆದರೆ ಅದಕ್ಕೆ ಯಾರು ಹೊಣೆ, ಯಾರ ಅಪ್ಪಣೆ ಎಂಬುದು ತಾಲ್ಲೂಕಿನ ಮಟ್ಟದಲ್ಲಿಯೇ ಮೊದಲು ನಿರ್ಧಾರವಾಗಬೇಕು.

1902ರಲ್ಲಿ ತಡೆಯುವ ಅಧಿಕಾರ ಒಂದು ಕೈಯಲ್ಲಿದ್ದಿತು. ಇಂದು ಅದು ಅನೇಕ ಕೈಗಳಿಗೆ ಹಂಚಿದೆ. ಕೈಗಳು ಹಲವಾದಷ್ಟೂ ಒಪ್ಪಂದ ಸ್ಪಷ್ಟವಾಗಿರಬೇಕೆಂಬುದೇ ಈ ಇತಿಹಾಸದ ಪಾಠ. ಆ ಪಾಠದ ಸಾಕ್ಷ್ಯವಿರುವುದು ಉಪಕೇಂದ್ರಗಳ ದಿನಚರಿ ಪುಸ್ತಕಗಳಲ್ಲಿ: ಯಾವ ಗಳಿಗೆಯಲ್ಲಿ ಯಾವ ಬ್ರೇಕರು ತೆರೆಯಿತು, ಯಾರಿಗೆ ಎಲ್.ಸಿ. ಕೊಡಲಾಯಿತು ಎಂಬ ಬರೆಹಗಳಲ್ಲಿ. ಶಾಸನಗಳನ್ನೂ ಕಡತಗಳನ್ನೂ ಸಂಗ್ರಹಿಸುವ ನಮ್ಮ ವಿದ್ಯಾರ್ಥಿಗಳು ಈ ಪುಸ್ತಕಗಳು ರದ್ದಿಗೆ ಹೋಗುವ ಮೊದಲೇ ಅವುಗಳತ್ತ ಗಮನ ಹರಿಸಬೇಕೆಂದು ನಾವು ಅಪೇಕ್ಷಿಸುತ್ತೇವೆ.