ಸಾವಿರ ವೇಷದ ದೇವರ ಜಾತಕ

ದೇವರು ಹುಟ್ಟಿದ ದಿನಕ್ಕೆ ದಾಖಲೆ ಸಿಗುವುದು ಅಪರೂಪ. ನ್ಯಾರ್ಲತೋಟೆಪ್‌ನ ವಿಷಯದಲ್ಲಿ ಸಿಗುತ್ತದೆ. ಅಮೆರಿಕದ ಎಚ್.ಪಿ. ಲವ್‌ಕ್ರಾಫ್ಟ್ ಕಲ್ಪಿಸಿದ ದೇವಮಂಡಲದಲ್ಲಿ ಇವನು ಬುದ್ಧಿಗೇಡಿ ಒಡೆಯ ಅಜಾಥಾತ್‌ನ ದೂತ. ಉಳಿದ ದೇವರುಗಳಿಗೆ ಮನುಷ್ಯರೆಂದರೆ ಲೆಕ್ಕಕ್ಕೇ ಇಲ್ಲ. ಇವನು ಮಾತ್ರ ಎದುರು ನಿಂತು ಮಾತಾಡುತ್ತಾನೆ, ಮಾತಾಡುತ್ತಲೇ ವಂಚಿಸುತ್ತಾನೆ. ಆ ವಂಚನೆಯ ಗುಣ ಇವನಿಗೆ ಎಲ್ಲಿಂದ ಬಂತು ಎಂದು ತಿಳಿಯಲು ನಾನು ಪತ್ರಗಳಿಂದ ಹುಡುಕಾಟ ಶುರುಮಾಡಿದೆ.

1921ರಲ್ಲಿ ಲವ್‌ಕ್ರಾಫ್ಟ್ ಗೆಳೆಯ ರೈನ್‌ಹಾರ್ಟ್ ಕ್ಲೈನರ್‌ಗೆ ಬರೆದ ಕಾಗದದಲ್ಲಿ ಹಿಂದೆ ಕಂಡ ಒಂದು ಕನಸಿನ ವಿವರವಿದೆ. ಕನಸಿನಲ್ಲಿ ಕವಿ ಸ್ಯಾಮ್ಯುಯೆಲ್ ಲವ್‌ಮನ್‌ನಿಂದ ಪತ್ರ ಬರುತ್ತದೆ: ನ್ಯಾರ್ಲತೋಟೆಪ್ ನಿನ್ನೂರು ಪ್ರಾವಿಡೆನ್ಸ್‌ಗೆ ಬಂದರೆ ತಪ್ಪದೆ ನೋಡು. ಊರೂರು ತಿರುಗುತ್ತ ಚಲನಚಿತ್ರ ತೋರಿಸಿ, ವಿದ್ಯುತ್ ಯಂತ್ರಗಳಿಂದ ಬೆರಗು ಹುಟ್ಟಿಸುವ ಪ್ರದರ್ಶಕ ಅವನು. ಪೂರ್ತಿ ಎಚ್ಚರವಾಗುವ ಮೊದಲೇ 'ನ್ಯಾರ್ಲತೋಟೆಪ್' ಎಂಬ ಗದ್ಯಕಾವ್ಯದ ಮೊದಲ ಪ್ಯಾರಾ ಬರೆದೆ ಎನ್ನುತ್ತಾನೆ ಲವ್‌ಕ್ರಾಫ್ಟ್. ಆ ಗದ್ಯಕಾವ್ಯ 'ಯುನೈಟೆಡ್ ಅಮೆಚೂರ್' ಪತ್ರಿಕೆಯ 1920ರ ನವೆಂಬರ್ ಸಂಚಿಕೆಯದು. ಈ ಪ್ರದರ್ಶಕನಲ್ಲಿ ನಿಕೊಲಾ ಟೆಸ್ಲಾನ ನೆರಳನ್ನು ಕಂಡವರೂ ಇದ್ದಾರೆ. ಬರಿಯ ಯಂತ್ರಗಳ ಹೋಲಿಕೆ ನನಗೆ ಸಾಕೆನಿಸಲಿಲ್ಲ.

ಹೆಸರಿನ ಜಾಡು ಇನ್ನೂ ಗಟ್ಟಿ. ಈ ಹೆಸರನ್ನು ಹಿಂದೆ ಕೇಳಿಯೇ ಇರಲಿಲ್ಲ ಎಂದು ಲವ್‌ಕ್ರಾಫ್ಟ್ ಹೇಳುತ್ತಾನೆ. ಆದರೆ 1919ರಿಂದ ಅವನು ಐರ್ಲೆಂಡಿನ ಲಾರ್ಡ್ ಡನ್ಸೇನಿಯ ಪುಸ್ತಕಗಳಲ್ಲಿ ಮುಳುಗಿಹೋಗಿದ್ದ. ಡನ್ಸೇನಿಯ 'ದಿ ಗಾಡ್ಸ್ ಆಫ್ ಪೆಗಾನ' (1905) ಕೂಡ ಇಡೀ ದೇವಮಂಡಲವನ್ನೇ ಕಲ್ಪಿಸಿದ ಕೃತಿ. ಅದರಲ್ಲಿ ಅಲ್ಹಿರೆತ್-ಹೋಟೆಪ್ ಎಂಬ ಸುಳ್ಳು ಪ್ರವಾದಿ ಇದ್ದಾನೆ. ಇನ್ನೊಂದು ಕಥೆಯಲ್ಲಿ ಮೈನಾರ್ಥಿಟೆಪ್ ಎಂಬ ಮುಂಗೋಪಿ ದೇವರು. ವಿಮರ್ಶಕ ರಾಬರ್ಟ್ ಎಂ. ಪ್ರೈಸ್ ಎರಡನ್ನೂ ಗುರುತಿಸಿದ್ದಾನೆ. ಲವ್‌ಕ್ರಾಫ್ಟ್ ಸುಳ್ಳು ಹೇಳಿದನೆಂದು ನಾನು ನಂಬುವುದಿಲ್ಲ. ಓದಿ ಮರೆತದ್ದು ಕನಸಿನಲ್ಲಿ ಹೊಸದಾಗಿಯೇ ಕಾಣುತ್ತದೆ.

ಆದರೂ 1920ರ ನ್ಯಾರ್ಲತೋಟೆಪ್ ಜನರನ್ನು ಮರುಳುಮಾಡುವ ಭಯಂಕರ ಮಾತ್ರ, ತಂತ್ರಗಾರನಲ್ಲ. ತಂತ್ರ ಕಾಣುವುದು 1927ರ ಜನವರಿಯಲ್ಲಿ ಬರೆದು ಮುಗಿಸಿದ 'ದಿ ಡ್ರೀಮ್-ಕ್ವೆಸ್ಟ್ ಆಫ್ ಅನ್‌ನೋನ್ ಕಡಾತ್' ಕಾದಂಬರಿಯಲ್ಲಿ. ಕನಸಿನ ನಗರ ಅರಸಿ ಬಂದ ರ್‍ಯಾಂಡಾಲ್ಫ್ ಕಾರ್ಟರ್‌ಗೆ ಫೇರೋ ವೇಷದಲ್ಲಿ ಎದುರಾಗುವ ಈ ದೇವರು ಹೇಳುವುದು ನಿಜವನ್ನೇ: ನೀನು ಹುಡುಕುವ ನಗರ ನಿನ್ನ ಬಾಲ್ಯದ ನೆನಪುಗಳಿಂದಲೇ ಕಟ್ಟಿದ್ದು. ದಾರಿಯನ್ನೂ ಹೇಳುತ್ತಾನೆ, ಎಲ್ಲಿ ಎಚ್ಚರವಾಗಿರಬೇಕೆಂದೂ ಹೇಳುತ್ತಾನೆ. ಮೋಸವಿರುವುದು ಏರಲು ಕೊಟ್ಟ ದೈತ್ಯಪಕ್ಷಿಯಲ್ಲಿ. ಅದು ಸವಾರನ ಮಾತು ಕೇಳದೆ ನೇರ ಅಜಾಥಾತ್‌ನತ್ತ ಹಾರುತ್ತದೆ. ತಾನಿರುವುದು ಕನಸಿನಲ್ಲಿ ಎಂದು ನೆನಪಾಗಿ ಕಾರ್ಟರ್ ಕೆಳಗೆ ಧುಮುಕುತ್ತಾನೆ, ಬದುಕಿಕೊಳ್ಳುತ್ತಾನೆ. ಸತ್ಯವನ್ನೇ ಬಲೆಯಾಗಿ ಬೀಸುವ ಇಂಥ ವಂಚಕ ಡನ್ಸೇನಿಯ ಸುಳ್ಳು ಪ್ರವಾದಿಯಲ್ಲೂ ಇಲ್ಲ, ಆ ಕನಸಿನಲ್ಲೂ ಇಲ್ಲ. ಅವನು ಲವ್‌ಕ್ರಾಫ್ಟ್‌ನ ಸ್ವಂತ ಸೃಷ್ಟಿ.

ಈ ಕಾದಂಬರಿ ಹಸ್ತಪ್ರತಿಯಾಗಿಯೇ ಉಳಿಯಿತು. ಲವ್‌ಕ್ರಾಫ್ಟ್ 1937ರಲ್ಲಿ ತೀರಿಕೊಂಡ. ಆರ್ಕಮ್ ಹೌಸ್ ಪ್ರಕಾಶನ ಅದನ್ನು ಅಚ್ಚುಹಾಕಿದ್ದು 1943ರಲ್ಲಿ. ಹಾಗಾಗಿ ಈ ದೇವರ ಬೆಳವಣಿಗೆಯನ್ನು ಅಚ್ಚಾದ ವರ್ಷಗಳ ಪ್ರಕಾರ ಜೋಡಿಸಿದರೆ ಲೆಕ್ಕ ತಪ್ಪುತ್ತದೆ. ಬರೆದ ವರ್ಷಗಳನ್ನೇ ಹಿಡಿಯಬೇಕು.